ಪದ್ಮವ್ವ ಏರ್‌ಪೋರ್ಟ್ ನೋಡಿದ್ದು

ವಾರಾಣಸಿಯ ವಿಮಾನ ನಾಲ್ಕು ತಾಸು ತಡ ಎಂದು ಹೈದರಾಬಾದಿನ ಟರ್ಮಿನಲ್ಲಿನ ಬೋರ್ಡಿನ ಮೇಲೆ ಮೂಡಿದಾಗ ಸುತ್ತಲಿನವರೆಲ್ಲ ಮುಖ ಸಿಂಡರಿಸಿದರು. ಹಿಗ್ಗಿದವಳು ಅಕ್ಕವ್ವ ಒಬ್ಬಳೇ. ಅಲ್ಲಿ ಮಂಜು ಬಿದ್ದಿದೆಯಂತೆ. ಬೀಳಲಿ, ಯಾರು ಬೇಡ ಅಂದರು? ವಿಮಾನದೊಳಗೆ ಏನಿದೆ ಮಣ್ಣು! ಕಾಲು ಚಾಚಲು ಜಾಗವಿಲ್ಲ, ಕಿಟಕಿ ತೆರೆಯುವಂತಿಲ್ಲ, ಸಂಡಾಸಿಗೆ ಹೋದರೆ ಗೋಡೆಗಳೇ ಮೈಮೇಲೆ ಬರುತ್ತವೆ. ಸುಖವೆಲ್ಲ ಇರುವುದು ಹತ್ತುವುದಕ್ಕೆ ಮುಂಚಿನ ಈ ಕಟ್ಟಡದಲ್ಲಿ ಎಂಬುದು ಅವಳ ಅಭಿಪ್ರಾಯ. ಬೆಲ್ಲದ ಬಾಗೇವಾಡಿಯ ಉಪಕೇಂದ್ರದಲ್ಲಿ ಮೂವತ್ತೊಂದು ವರ್ಷ ನರ್ಸಬಾಯಿಯಾಗಿದ್ದು ನಿವೃತ್ತಳಾದ ಅಕ್ಕವ್ವನ ಅಭಿಪ್ರಾಯ ಬದಲಿಸಲು ನಾಲ್ಕು ಮಂದಿ ಡಾಕ್ಟರುಗಳು ಪ್ರಯತ್ನಿಸಿ, ಸೋತು, ವರ್ಗ ಮಾಡಿಸಿಕೊಂಡು ಹೋಗಿದ್ದರು.

ಮಗಳು ಪೂನಮ್ ಮೂಡಲಗಿಯಲ್ಲಿ ದನದ ಡಾಕ್ಟರು. ದಿಲ್ಲಿಯಲ್ಲಿ ಟ್ರೇನಿಂಗ್ ಮುಗಿಸಿ ಅವಳು ಅತ್ತಲಿಂದ ಸಾರನಾಥಕ್ಕೆ ಬರುವವಳಿದ್ದಳು, ತಾಯಿ ಇತ್ತಲಿಂದ. ಬುದ್ಧ ಮೊದಲು ಬಾಯಿ ತೆರೆದು ಮಾತಾಡಿದ ಜಾಗವನ್ನು ಕಣ್ಣಾರೆ ನೋಡಬೇಕೆಂದು ಅಕ್ಕವ್ವ ಬಹಳ ದಿನದಿಂದ ಹಟ ಹಿಡಿದಿದ್ದಳು. ಹಿಂದೆ ನಾಲ್ಕು ಸಲ ಮಗಳ ಜೊತೆ ವಿಮಾನ ಹತ್ತಿದ್ದರಿಂದ ಟರ್ಮಿನಲ್ಲೆಂದರೆ ಅವಳಿಗೆ ತವರುಮನೆಯಷ್ಟೇ ಸಲೀಸು. ಕುಡಿಯಲು ಬಿಸಿ ನೀರೂ ಸಿಗುವ ನಲ್ಲಿ ಎಲ್ಲಿದೆ, ಮೈ ತಿಕ್ಕುವ ಕುರ್ಚಿ ಎಲ್ಲಿದೆ, ಯಾವ ಅಂಗಡಿಯ ಹುಡುಗಿ ಕೇಳದೆಯೇ ಮುಂಗೈಗೆ ಅತ್ತರು ಹೊಡೆಯುತ್ತಾಳೆ, ಎಲ್ಲ ಗೊತ್ತು. ಮಗಳು ಕೊಟ್ಟ ಕಾರ್ಡು ಉಜ್ಜಿದರೆ ಒಳಗೊಂದು ದೊಡ್ಡ ಕೋಣೆಯಲ್ಲಿ ಹೊಟ್ಟೆ ತುಂಬ ಊಟ. ಜೊತೆಗೆ ಒಬ್ಬರನ್ನು ಕರೆದೊಯ್ಯಲೂಬಹುದು.

ಆದರೆ ಎಲ್ಲಕ್ಕಿಂತ ಅವಳಿಗೆ ಸೇರಿದ್ದು, ಉಳಿದವರೆಲ್ಲ ಶಪಿಸುವ ತಪಾಸಣೆಯ ಸಾಲು. ಯಾವ ಓಣಿಯವರು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಎಂಥವರೂ ಕೈ ಎತ್ತಿ ನಿಲ್ಲಬೇಕು, ಎಲ್ಲರ ಬೆಲ್ಟೂ ಚಪ್ಪಲಿಯೂ ಒಂದೇ ಥರದ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಒಂದರ ಹಿಂದೊಂದು ಹೋಗಬೇಕು. ಅಂದು ಬೆಳಿಗ್ಗೆ ಬೆಳಗಾವಿಯಲ್ಲಂತೂ ಅವಳ ಕಣ್ಣಿಗೆ ಹಬ್ಬವಾಗಿತ್ತು. ಅವಳ ಮುಂದೆಯೇ ಹನಮಂತರಾವ್ ದೇಸಾಯರ ಸೊಂಟದ ಬೆಳ್ಳಿ ಉಡದಾರ ಕುಂಯ್ ಎಂದು ಕೂಗಿ, ಬಾಗೇವಾಡಿಯಲ್ಲಿ ಯಾರೂ ಎದುರು ನಿಂತು ಮಾತಾಡದ ಆ ಮನುಷ್ಯ ಎರಡೂ ಕೈ ಮೇಲೆತ್ತಿ, ಧೋತರ ಎಲ್ಲಿ ಜಾರುತ್ತದೋ ಎಂದು ಹೊಟ್ಟೆ ಉಬ್ಬಿಸಿ ನಿಂತಿದ್ದರು.

ಈಗ ಅದೇ ದೇಸಾಯರು ಆರು ಕುರ್ಚಿ ಆಚೆ ಕೂತಿದ್ದರು. ತೊಡೆಯ ಮೇಲೆ ಕೆಂಪು ವಸ್ತ್ರ ಸುತ್ತಿದ ತಾಮ್ರದ ತಂಬಿಗೆ. ಅದರಲ್ಲಿ ಅವರ ಹೆಂಡತಿ ಪದ್ಮವ್ವ ಇದ್ದಳು. ಅಂದರೆ, ಒಂದು ತಿಂಗಳ ಹಿಂದೆ ತೀರಿಕೊಂಡ ಪದ್ಮವ್ವನ ಅಸ್ಥಿ. ಮಗ ಶಿವಾನಂದ ತರಬೇಕಿತ್ತು, ಅವನ ಹೆಂಡತಿಗೆ ದಿನ ತುಂಬಿದ್ದರಿಂದ ಅವನು ಮುಟ್ಟುವಂತಿಲ್ಲ. ಹೀಗಾಗಿ ಗೋಕಾಕದ ಏಜೆಂಟನ ಕೈಯಲ್ಲಿ ಟಿಕೀಟು ಮಾಡಿಸಿ ದೇಸಾಯರೇ ಹೊರಟಿದ್ದರು. ಗಂಗೆ ಸೇರುವವರೆಗೆ ತಂಬಿಗೆ ನೆಲ ತಾಕಬಾರದು, ಮನೆಯವರಲ್ಲದವರ ಕೈ ತಾಕಬಾರದು. ಹಾಗೆಂದು ಅವರು ದೇವರ ಮುಂದೆ ಸಂಕಲ್ಪ ಮಾಡಿದ್ದು ಊರಿಗೆಲ್ಲ ಗೊತ್ತಿತ್ತು.

ಅಕ್ಕವ್ವ ಅವರನ್ನು ಮಾತಾಡಿಸಲಿಲ್ಲ. ಶಿವಾನಂದ ಕೊರಳಿಗೆ ಹೊಕ್ಕುಳ ಹುರಿ ಸುತ್ತಿಕೊಂಡು ಹುಟ್ಟಿದಾಗ ತಾಯಿ ಮಗು ಇಬ್ಬರನ್ನೂ ಉಳಿಸಿದವಳು ಅವಳು. ಮಾರನೇ ದಿನ ಮರೆತ ಕತ್ತರಿ ಒಯ್ಯಲು ಹೋದರೆ, ಅವಳು ಕಾಲಿಟ್ಟಲ್ಲೆಲ್ಲ ದೇಸಾಯರು ಗೋಮೂತ್ರ ಚಿಮುಕಿಸುತ್ತಿದ್ದರು. ಅವಳನ್ನು ಕಂಡು ನಾಚಲೂ ಇಲ್ಲ. ಹನಿ ಅವಳ ಸೀರೆಗೆ ಬೀಳದಿರಲೆಂದು ತುಸು ಬದಿಗೆ ಸರಿದು ಚಿಮುಕಿಸಿದರು. ಅಷ್ಟು ಮರ್ಯಾದಸ್ಥರು.

ಎರಡು ತಾಸಿನ ಮೇಲೆ ಅಕ್ಕವ್ವನ ನರ್ಸಿನ ಕಣ್ಣಿಗೆ ಒಂದು ಸಂಗತಿ ಬಿತ್ತು. ದೇಸಾಯರು ಮೊಣಕಾಲುಗಳನ್ನು ಒತ್ತಿ ಹಿಡಿದಿದ್ದಾರೆ, ಹಣೆಯಲ್ಲಿ ಬೆವರಿದೆ, ನೋಟ ಮೂತ್ರಿಖಾನೆಯ ಬಾಗಿಲಿಗೂ ತಂಬಿಗೆಗೂ ಓಡಾಡುತ್ತಿದೆ. ಸಕ್ಕರೆ ಕಾಯಿಲೆಯವರು ಬೇರೆ. ಅಂಥ ಜಾಗಕ್ಕೆ ಅಸ್ಥಿಯನ್ನು ಒಯ್ಯುವುದು ಹೇಗೆ? ಕೊನೆಗೆ ಅವರು ಎದ್ದು, ತಂಬಿಗೆಯನ್ನು ಕುರ್ಚಿಯ ಮೇಲೆ ಕೂರಿಸಿ, ಕೈ ಮುಗಿದು, ಹತ್ತು ಹೆಜ್ಜೆ ಹೋದರೋ ಇಲ್ಲವೋ, ಪೊಲೀಸನೊಬ್ಬ ಸೀಟಿ ಊದಿದ.

"ಯೇ ಕಿಸ್ಕಾ ಹೈ?"

ವಾರಸುದಾರರಿಲ್ಲದ ಸಾಮಾನು! ಸುತ್ತಲಿದ್ದವರು ಮಕ್ಕಳನ್ನೆತ್ತಿಕೊಂಡು ದೂರ ಸರಿದರು. ದೇಸಾಯರು ಓಡಿ ಬಂದು ತಂಬಿಗೆಯನ್ನು ಅಪ್ಪಿಕೊಂಡರು.

"ಮೇರೀ ಬೀವಿ ಹೈ!"

ಇದು ಹೆಂಡತಿಯೇ? ಪೊಲೀಸ ತಂಬಿಗೆ ನೋಡಿದ, ದೇಸಾಯರನ್ನು ನೋಡಿದ, ಸೊಂಟದ ವಾಕಿಟಾಕಿಗೆ ಕೈ ಹಾಕಿದ. ಅಕ್ಕವ್ವ ಎದ್ದು ಹೋಗಿ ತನಗೆ ಬಂದ ಹಿಂದಿಯಲ್ಲಿ ಎಲ್ಲ ಬಿಡಿಸಿ ಹೇಳಿದಳು. ಅವನು ಟೋಪಿ ತೆಗೆದು ತಂಬಿಗೆಗೆ ನಮಸ್ಕಾರ ಮಾಡಿ, ಹೀಗೆ ಬಿಟ್ಟು ಹೋಗುವಂತಿಲ್ಲ, ಗುರುತಿಲ್ಲದವರ ಕೈಗೂ ಕೊಡುವಂತಿಲ್ಲ, ಗುರುತಿನವರೇ ಹಿಡಿದಿರಬೇಕು ಎಂದು ತಾಕೀತು ಮಾಡಿ ಹೋದ.

ಗುರುತಿನವರು ಅಲ್ಲಿ ಒಬ್ಬಳೇ ಇದ್ದಳು. ಅವಳು ಎದುರಿನ ಅಂಗಡಿಯ ಬೋರ್ಡನ್ನು ಬಹಳ ಆಸ್ಥೆಯಿಂದ ಓದತೊಡಗಿದಳು. ಕೇಳಲಿ, ಬಾಯಿ ಬಿಟ್ಟು ಕೇಳಲಿ.

"ಏ... ನರ್ಸಬಾಯಿ," ಎಂದರು ದೇಸಾಯರು.

ಅಕ್ಕವ್ವ ಓದುತ್ತಲೇ ಇದ್ದಳು.

"ನರ್ಸಬಾಯಿ, ಸ್ವಲ್ಪ ಇತ್ತ ನೋಡ."

ಅಂಗಡಿಯ ಬೋರ್ಡು ಇನ್ನೂ ಮುಗಿದಿರಲಿಲ್ಲ.

"ಅಕ್ಕವ್ವಾರ!"

"ಹೇಳ್ರಿ ದೇಸಾಯರ."

"ಇದನ್ನ ಒಂದ ಗಳಿಗಿ ಹಿಡೀತೀರೇನ್ರಿ?"

"ನಾ ಹಿಡದರ ನಡೀತೈತೇನ್ರಿ?"

"ನಡಿಯೂ ಹೊತ್ತು ಮುಗೀತವಾ ತಾಯಿ, ಈಗ ಓಡಬೇಕು!" ದೇಸಾಯರು ತಂಬಿಗೆಯನ್ನು ಅವಳ ಕೈಗಿಟ್ಟು ಓಡಿದರು. ಅರ್ಧ ದಾರಿಯಲ್ಲಿ ತಿರುಗಿ, "ನೆಲಾ ತಾಕಸಬ್ಯಾಡ್ರಿ!" ಎಂದು ಕೂಗಿದರು.

ಕೈಯಲ್ಲಿನ ಭಾರ ಅಕ್ಕವ್ವನಿಗೆ ಗೊತ್ತಾಯಿತು. ಅಂದು ಹುಟ್ಟಿದ ಶಿವಾನಂದ ಇದಕ್ಕಿಂತ ಹೆಚ್ಚು ತೂಗುತ್ತಿದ್ದ. ಪದ್ಮವ್ವನ ಶವ ಹೊರಟಾಗ ರಸ್ತೆಯ ಆಚೆ ಬದಿಯಲ್ಲಿ ನಿಂತು ನೋಡಿದ್ದಳು, ಹತ್ತಿರ ಹೋಗಿ ಮುಖ ನೋಡಲು ಆಗಿರಲಿಲ್ಲ.

ದೇಸಾಯರಿಗೆ ಗೊತ್ತಿಲ್ಲದ ಒಂದು ಸಂಗತಿ ಅವಳಿಗೆ ಗೊತ್ತಿತ್ತು. ಗುರುವಾರ ಲಸಿಕೆಯ ದಿನ. ದೇಸಾಯರು ಗೋಕಾಕಕ್ಕೆ ಸೊಸೈಟಿಯ ಮೀಟಿಂಗಿಗೆ ಹೋದ ಗುರುವಾರಗಳಲ್ಲಿ ಪದ್ಮವ್ವ ಹಿತ್ತಿಲ ಬಾಗಿಲು ತೆರೆದು ಅವಳನ್ನು ಒಳಗೆ ಕರೆಯುತ್ತಿದ್ದಳು. ಇಬ್ಬರೂ ಅಡಿಗೆಮನೆಯಲ್ಲಿ ಕೂತು ಅಕ್ಕವ್ವನ ಡಬ್ಬಿಯದನ್ನು ಪದ್ಮವ್ವ, ಪದ್ಮವ್ವನ ಅಡಿಗೆಯನ್ನು ಅಕ್ಕವ್ವ ಉಂಡು, ಊರಿನವರನ್ನೆಲ್ಲ ಆಡಿಕೊಂಡು ನಗುತ್ತಿದ್ದರು. ಅಕ್ಕವ್ವ ವಿಮಾನ ಹತ್ತಿ ಬಂದ ಮೇಲಂತೂ ಪದ್ಮವ್ವನದು ಒಂದೇ ಮಾತು: "ಹಾರೂದ ಇರ್ಲಿ ಬಿಡ, ಆ ಏರ್‌ಪೋರ್ಟಿನ್ಯಾಗ ಏನೇನ ಇರತೈತಿ ಅದನ್ನ ಹೇಳ." ಗಂಡನನ್ನು ಕೇಳಿದರೆ, ಬೆಳಗಾವಿಯ ಬಸ್‌ಸ್ಟ್ಯಾಂಡ್ ನೋಡೀಯಲ್ಲ, ಅದರಂಗ ಇರತೈತಿ ಎಂದಿದ್ದರಂತೆ.

"ಬಾರವಾ ಪದ್ಮವ್ವ," ಎಂದಳು ಅಕ್ಕವ್ವ. "ಆ ಮನಷ್ಯಾ ಲಗೂನ ಬರೂದಿಲ್ಲ. ತೋರಸ್ತೇನಿ."

ಮೊದಲು ಸರಿಯುವ ನೆಲದ ಮೇಲೆ ನಿಂತು ಆ ತುದಿಯಿಂದ ಈ ತುದಿಗೆ ಎರಡು ಸಲ ಹೋಗಿ ಬಂದರು. "ನೋಡ, ಕಾಲ ಎತ್ತೂದ ಬ್ಯಾಡ." ಆಮೇಲೆ ಗಾಜಿನ ಗೋಡೆ. ಹೊಟ್ಟೆ ತೆರೆದುಕೊಂಡು ನಿಂತ ವಿಮಾನಕ್ಕೆ ಪೆಟ್ಟಿಗೆ ತುಂಬುತ್ತಿದ್ದರು. "ಇಷ್ಟ ಸಾಮಾನ ಹೇರಿದರ ಎತ್ತ ಏಳೂದಿಲ್ಲ, ಇದು ಏಳತೈತಿ." ಅತ್ತರಿನ ಹುಡುಗಿ ಎಂದಿನಂತೆ ಬಂದಾಗ ಅಕ್ಕವ್ವ ಕೈ ಬದಲು ಕೆಂಪು ವಸ್ತ್ರದ ಅಂಚನ್ನು ಮುಂದೆ ಮಾಡಿದಳು. ಕಿವಿಗೆ ಏನೋ ಸಿಕ್ಕಿಸಿಕೊಂಡು ತಮ್ಮಷ್ಟಕ್ಕೆ ಮಾತಾಡುವವರೇ ತುಂಬಿದ್ದರಿಂದ ಅವಳತ್ತ ಯಾರೂ ತಿರುಗಿ ನೋಡಲಿಲ್ಲ. ಏರ್‌ಪೋರ್ಟಿನಲ್ಲಿ ಸತ್ತವರ ಜೊತೆಗೂ ಆರಾಮಾಗಿ ಮಾತಾಡಬಹುದು.

ಇತ್ತ ದೇಸಾಯರು ಕೈ ಒಡ್ಡಿದರೆ ತಾನೇ ಬರುವ ನೀರಿಗೆ ಬೆರಗಾಗಿ ಮೂರು ಸಲ ಕೈ ತೊಳೆದುಕೊಂಡು ಹೊರಗೆ ಬಂದರೆ, ಹೆಂಡತಿಯೂ ಇಲ್ಲ, ಅಕ್ಕವ್ವನೂ ಇಲ್ಲ. ಅವರ ಜೀವ ಬಾಯಿಗೆ ಬಂತು. ಧೋತರ ಎತ್ತಿ ಹಿಡಿದು ಟರ್ಮಿನಲ್ ಪೂರ್ತಿ ಓಡಿದರು. ಕೊನೆಗೆ ಅಕ್ಕವ್ವ ಕಂಡದ್ದು ಮೈ ತಿಕ್ಕುವ ಕುರ್ಚಿಯಲ್ಲಿ. ಕಣ್ಣು ಮುಚ್ಚಿ ಒರಗಿದ್ದಾಳೆ, ಕುರ್ಚಿ ಗುರುಗುಡುತ್ತಿದೆ, ತೊಡೆಯ ಮೇಲೆ ತಂಬಿಗೆ ತಟತಟ ಕುಣಿಯುತ್ತಿದೆ.

"ಏ ಅಕ್ಕವ್ವಾ! ಏನ ಮಾಡಾಕತ್ತೀ ನನ್ನ ಹೇಂತಿನ್ನ?"

"ಸೊಂಟಾ ತಿಕ್ಕಸಾಕತ್ತೇನ್ರಿ. ಹನ್ನೆರಡ ವರ್ಷ ಸೊಂಟನೋವು ಅನ್ನಕೋತ ಇದ್ಲು. ನಿಮಗ ಒಮ್ಮೆರ ಹೇಳಿದ್ಲೇನ್ರಿ?"

"ನಿನಗ್ಯಾವಾಗ ಹೇಳಿದ್ಲು?"

"ಗುರುವಾರ." ಹೇಳಬಾರದು ಎಂದುಕೊಂಡಿದ್ದ ಅಕ್ಕವ್ವ ಎಲ್ಲವನ್ನೂ ಹೇಳಿಬಿಟ್ಟಳು. ಹಿತ್ತಿಲ ಬಾಗಿಲು, ಅಡಿಗೆಮನೆ, ಡಬ್ಬಿ.

"ನಿನ್ನ ಡಬ್ಬಿಯೊಳಗ ಏನಿರತಿತ್ತು?"

"ಮೀನ್ರಿ. ನನ್ನ ತವರಮನಿ ಧುಪದಾಳ. ಅಲ್ಲಿಯ ಮೀನ ಅಂದ್ರ ಆಕಿ ಮುಳ್ಳು ಸೈತ ಚೀಪತಿದ್ಲು."

ತಲೆತಲಾಂತರದಿಂದ ಮೊಟ್ಟೆಯನ್ನೂ ಮನೆಯೊಳಗೆ ಬಿಡದ ದೇಸಾಯರು ಪಕ್ಕದ ಕುರ್ಚಿಯಲ್ಲಿ ಕುಸಿದರು. ಅದೂ ಮೈ ತಿಕ್ಕುವ ಕುರ್ಚಿಯೇ. ಪುಣ್ಯಕ್ಕೆ ಬಂದ್ ಆಗಿತ್ತು.

"ಅದಕ್ಕ," ಎಂದರು. "ಅದಕ್ಕ ಗುರುವಾರ ಸಂಜೀಕ ಮನಿ ತುಂಬ ಊದಿನಕಡ್ಡಿ ಹಚ್ಚತಿದ್ಲು! ನಾ ಎಲ್ಲಾರ ಮುಂದ ಹೇಳಕೋತ ಬಂದೇನಿ, ನಮ್ಮಾಕಿ ಗುರುವಾರ ಬಾಳ ಭಕ್ತಿಲೆ ಮಾಡತಾಳ ಅಂತ."

ಅಕ್ಕವ್ವನಿಗೆ ನಗು ತಡೆಯಲಾಗಲಿಲ್ಲ. ದೇಸಾಯರ ಮೀಸೆಯೂ ಅಲುಗಿತು, ಆದರೆ ಮರುಗಳಿಗೆ ಅವರ ಕಣ್ಣು ತುಂಬಿದವು.

"ಹತ್ತನೇ ದಿನ ನದೀ ದಂಡೀಗೆ ಪಿಂಡಾ ಇಟ್ಟಿವ್ರಿ. ಒಂದ ಕಾಗೀನೂ ಮುಟ್ಟಲಿಲ್ಲ. ಹೋಳಿಗಿ ಇಟ್ಟಿವಿ, ಕರದಂಟ ಇಟ್ಟಿವಿ. ಮೂರ ಗಂಟೆತನಕ ಕುಂತಿವಿ. ಆಕಿದೇನೋ ಆಶಾ ಉಳದೈತಿ ಅಂದ್ರು ಭಟ್ಟರು. ನಲವತ್ತ ವರ್ಷ ಸಂಸಾರ ಮಾಡೇನಿ, ಆಕಿಗೆ ಏನ ಬೇಕಾಗಿತ್ತು ಅನ್ನೂದ ನನಗ ಹೊಳೀಲಿಲ್ಲ. ಎಲ್ಲಾರೂ ನನ್ನ ಮಾರಿ ನೋಡಾಕತ್ತಿದ್ರು."

ಅಕ್ಕವ್ವನಿಗೆ ಅವರ ಮೇಲೆ ಕನಿಕರ ಬಂತು. ಬಂದದ್ದಕ್ಕೆ ತನ್ನ ಮೇಲೆ ಸಿಟ್ಟೂ ಬಂತು. "ಮುಂಜಾನಿಂದ ಏನೂ ತಿಂದಿಲ್ಲ ನೀವು. ಸಕ್ರಿ ಇಳದು ಬಿದ್ದೀರಿ. ನನ್ನ ಕಾರ್ಡಿನ ಮ್ಯಾಲ ಇನ್ನೊಬ್ಬರ ಊಟಾನೂ ಐತಿ, ಬರೂದಿದ್ರ ಬರ್ರಿ," ಎಂದು ತಂಬಿಗೆಯ ಸಮೇತ ನಡೆದೇ ಬಿಟ್ಟಳು. ತಂಬಿಗೆ ಹೋದ ಕಡೆ ದೇಸಾಯರು ಹೋಗಲೇಬೇಕಿತ್ತು.

ಊಟದ ಕೋಣೆಯ ಬಾಗಿಲಲ್ಲಿದ್ದ ಹುಡುಗಿ ಎಷ್ಟು ಜನ ಎಂದು ಕೇಳಿದಳು. ದೇಸಾಯರು ಮೂರು ಬೆರಳು ತೋರಿಸಿದರು. ಹುಡುಗಿ ಇಣುಕಿ ಅವರ ಬೆನ್ನ ಹಿಂದೆ ನೋಡಿದಳು. "ದೋ ಹೀ ಹೈ," ಎಂದು ಅಕ್ಕವ್ವ ಕಾರ್ಡು ಉಜ್ಜಿದಳು.

ಮೆತ್ತನೆಯ ಕುರ್ಚಿ, ದುಂಡು ಮೇಜು. ಅಕ್ಕವ್ವ ತಂಬಿಗೆಯನ್ನು ಮೇಜಿನ ನಡುವೆ ಇಟ್ಟು ಕೂತಳು. ದೇಸಾಯರು ಕೂರಲಿಲ್ಲ. ತಾಟು ಹಿಡಿದು ಆಚೆ ಹೋದವರು ಹೋದರು. ಬೇರೆ ಮೇಜು ಹುಡುಕುತ್ತಿರಬೇಕು ಎಂದುಕೊಂಡಳು ಅಕ್ಕವ್ವ. ಅವಳಿಗೆ ಅದೇನೂ ಹೊಸದಲ್ಲ. ತನ್ನ ಕಾರ್ಡಿನ ಊಟ ಉಂಡು ತನ್ನಿಂದಲೇ ದೂರ ಕೂರುತ್ತಾನಲ್ಲ ಈ ಮನುಷ್ಯ, ತಾನು ಮುಟ್ಟಿದ ತಂಬಿಗೆಗೆ ನೀರು ಚಿಮುಕಿಸಲು ನಲ್ಲಿಯನ್ನೂ ಹುಡುಕುತ್ತಿರಬಹುದು. ಅಂಥದೇನಾದರೂ ಮಾಡಿದರೆ ಏನೇನು ಬೈಯಬೇಕು ಎಂದು ಅವಳು ಮನಸ್ಸಿನಲ್ಲೇ ಜೋಡಿಸಿಕೊಳ್ಳತೊಡಗಿದಳು.

ದೇಸಾಯರು ತಿರುಗಿ ಬಂದರು. ಮುಖವನ್ನು ಒಂದು ಕಡೆ ಹೊರಳಿಸಿ, ಮೂಗು ಮುರಿದು, ಒಂದು ಕೈಯಲ್ಲಿ ತಮ್ಮ ಅನ್ನದ ಬಟ್ಟಲು, ಇನ್ನೊಂದರಲ್ಲಿ ತಾಟನ್ನು ಆದಷ್ಟು ದೂರ ಹಿಡಿದುಕೊಂಡಿದ್ದರು. ತಾಟಿನಲ್ಲಿ ಕರಿದ ಮೀನಿನ ನಾಲ್ಕು ತುಂಡುಗಳಿದ್ದವು. ಅದನ್ನು ತಂಬಿಗೆಯ ಮುಂದೆ ಎಡೆ ಇಟ್ಟು ಕೈ ಮುಗಿದು ಕಣ್ಣು ಮುಚ್ಚಿದರು.

ಕಣ್ಣು ತೆರೆದು ಮೇಲೆ ನೋಡಿದರು. ಮುಚ್ಚಿದ ಸೂರು. ಸುತ್ತ ನೋಡಿದರು.

"ಏನ ಹುಡಕತೀರಿ? ಇದರಾಗ ನೊಣಾನೂ ಬರೂದಿಲ್ಲ," ಎಂದಳು ಅಕ್ಕವ್ವ.

ದೇಸಾಯರು ತಾಟನ್ನು ಮೆಲ್ಲಗೆ ಅವಳ ಕಡೆ ಸರಿಸಿದರು.

"ಅಕ್ಕವ್ವಾರ, ನೀವ ಮುಟ್ರಿ."

ಆ ಮನೆಯ ಬಾವಿ, ಬಾಗಿಲು, ತೊಟ್ಟಿಲು, ಯಾವುದನ್ನೂ ಮುಟ್ಟಬೇಡ ಎಂದೇ ಮೂವತ್ತೊಂದು ವರ್ಷ ಹೇಳಿದ್ದ ಬಾಯಿ ಅದು. ಜೋಡಿಸಿಟ್ಟುಕೊಂಡ ಬೈಗುಳಗಳೆಲ್ಲ ಅಕ್ಕವ್ವನ ನಾಲಿಗೆಯಲ್ಲೇ ಉಳಿದವು.

"ಈ ವಯಸ್ಸಿನ್ಯಾಗ ನನ್ನ ಕಾಗಿ ಮಾಡಿದ್ರೆಲ್ರಿ," ಎಂದಳು.

"ಅರ್ಧಾ ದಿನ ಕಾಗಿಗೆ ಕೈ ಮುಗದ ಕುಂತಾಂವ ನಾ," ಎಂದರು ದೇಸಾಯರು. ಈಗಲೂ ಅವರ ಕೈ ಮುಗಿದೇ ಇದ್ದವು.

ಅಕ್ಕವ್ವ ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡಳು. ದೇಸಾಯರು ಉಸಿರು ಬಿಟ್ಟು, ಅವಳ ಎದುರಿನ ಕುರ್ಚಿಯಲ್ಲಿ ಕೂತರು.

"ಹೆಂಗೈತ್ರಿ?"

"ಖಾರ ಸಾಲದ್ರಿ. ಪದ್ಮವ್ವ ಬೈತಿದ್ಲು."

"ಬೈಲಿ, ಪೂರಾ ತಿನ್ರಿ," ಎಂದರು ದೇಸಾಯರು. ತಾಟು ಖಾಲಿಯಾಗುವವರೆಗೆ ಅವರು ತಮ್ಮ ಅನ್ನಕ್ಕೆ ಕೈ ಹಾಕಲಿಲ್ಲ.