ಮಿಸ್ ಶಶಿಪ್ರಭಾಳ ಹಲ್ಲುಗಳು

ಮಂಗಳೂರಿನಲ್ಲಿ ಬಾಯಿಗಳಿಗಿಂತ ಹಲ್ಲಿನ ಡಾಕ್ಟರುಗಳೇ ಹೆಚ್ಚು ಎಂದು ಅಣ್ಣು ಶೆಟ್ಟರು ಮೊಮ್ಮಗಳನ್ನು ಚುಚ್ಚುವುದುಂಟು. ಮೊಮ್ಮಗಳು ಸಂಚಿತಾ ಕುಲಶೇಖರದಲ್ಲಿ ಹಲ್ಲಿನ ಕ್ಲಿನಿಕ್ ಇಟ್ಟು ಆರು ವರ್ಷವಾಗಿದೆ. ಶೆಟ್ಟರಿಗೆ ತೊಂಬತ್ತೆರಡು. ಈ ವಯಸ್ಸಿನಲ್ಲೂ ಕಬ್ಬು ಸಿಗಿದು ತಿನ್ನುತ್ತಾರೆ, ಗಟ್ಟಿ ಚಕ್ಕುಲಿಯನ್ನು ಎಲ್ಲರಿಗೂ ಕೇಳುವ ಹಾಗೆ ಕಡಿಯುತ್ತಾರೆ. ಆದರೆ ಒಂದು ದಿನವೂ ಮೊಮ್ಮಗಳ ಮುಂದೆ ಬಾಯಿ ತೆರೆದವರಲ್ಲ.

"ನನ್ನ ಬಾಯಿ ನೋಡಬೇಕಾದವರು ನೋಡಿ ಆಗಿದೆ" ಎನ್ನುತ್ತಾರೆ. ಅದೆಂತ ಮಾತೋ, ಯಾರಿಗೂ ಅರ್ಥವಾಗಿರಲಿಲ್ಲ. ವಯಸ್ಸಾದವರ ಹಟ ಎಂದು ಬಿಟ್ಟಿದ್ದರು.

ಕ್ಲಿನಿಕ್ಕಿನ ಗೋಡೆಯಲ್ಲಿ ಒಂದು ಹಳೆಯ ಫೋಟೋ ಉಂಟು. ಬೊಚ್ಚುಬಾಯಿ ತೆರೆದು ನಗುತ್ತಿರುವ ಮುದುಕಿ. ಬಣ್ಣ ಮಾಸಿ ಬಾಯಿಯ ಜಾಗದಲ್ಲಿ ಬರೀ ಕಪ್ಪು ಉಳಿದಿದೆ. ಕೆಳಗೆ 'ಮಿಸ್ ಶಶಿಪ್ರಭಾ, ಮುಂಬಯಿ' ಎಂದು ಬರೆದಿದೆ. ಅಜ್ಜನ ಅಜ್ಜಿಯಂತೆ, ಇಳಿವಯಸ್ಸಿನಲ್ಲಿ ಮೂಕಿ ಸಿನಿಮಾದಲ್ಲಿ ಪಾರ್ಟು ಮಾಡಿದವಳಂತೆ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಇಷ್ಟೇ. ಹಲ್ಲುಜ್ಜದ ಮಕ್ಕಳಿಗೆ ಆ ಫೋಟೋ ತೋರಿಸಿ, "ನೋಡು, ಹೀಗಾಗ್ತದೆ" ಎಂದು ಹೆದರಿಸುವುದು ಸಂಚಿತಾಳ ಅಭ್ಯಾಸ. ಮುಂದೆ ಆ ತಮಾಷೆಯನ್ನು ನೆನೆದು ಅವಳು ತಲೆ ತಗ್ಗಿಸಬೇಕಾಯಿತು.

ಇಜಾಝ್ ಅಲ್ಲಿಗೆ ಬಂದದ್ದು ದವಡೆ ನೋವಿಗೆ. ಅವನ ತಂದೆ ನೂರ್ ಮುಹಮ್ಮದರದ್ದು ಬೈಕಂಪಾಡಿಯಲ್ಲಿ ಗುಜರಿ ಗೋದಾಮು. ಮಗನಿಗೆ ಗುಜರಿಗಿಂತ ಸಿನಿಮಾದ ಹುಚ್ಚು ಜಾಸ್ತಿ. ಯಾವುದೋ ಕಾಲದ ಟೂರಿಂಗ್ ಟಾಕೀಸಿನ ಸಾಮಾನು ತೂಕಕ್ಕೆ ಬಂದಾಗ, ಅದರೊಳಗಿದ್ದ ಆರು ತಗಡಿನ ಡಬ್ಬಿಗಳನ್ನು ಅವನು ಅಪ್ಪನ ಕೈಯಿಂದ ತಪ್ಪಿಸಿ ಇಟ್ಟುಕೊಂಡಿದ್ದ. ಐದರಲ್ಲಿ ಬರೀ ಪುಡಿ. ಆರನೆಯದರಲ್ಲಿ ಒಂಬತ್ತು ನಿಮಿಷದ ಚಿತ್ರ ಉಳಿದಿತ್ತು. ಅದನ್ನು ಮುಂಬಯಿಗೆ ಕಳಿಸಿ, ತೊಳೆಸಿ, ಕಂಪ್ಯೂಟರಿಗೆ ಇಳಿಸಿಕೊಂಡು ಬಂದಿದ್ದ. ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವನ ಕಣ್ಣು ಗೋಡೆಯ ಮೇಲೆ ಬಿತ್ತು. ತನ್ನ ಚಿತ್ರದ ಮುದುಕಿಯೇ ಅಲ್ಲಿ ನಗುತ್ತಿದ್ದಳು, ನೋವು ಮರೆತುಹೋಯಿತು.

ಮರುದಿನವೇ ಶಕ್ತಿನಗರದ ಮನೆಗೆ ಹೋಗಿ ಶೆಟ್ಟರನ್ನು ಕಂಡ. ಬರುವ ಆದಿತ್ಯವಾರ ಚಿತ್ರ ತೋರಿಸುತ್ತೇವೆ, ನಿಮ್ಮ ಅಜ್ಜಿಯ ಬಗ್ಗೆ ಎರಡು ಮಾತಾಡಬೇಕು ಎಂದು ಕೇಳಿದ. ಶೆಟ್ಟರು ಆಗುವುದಿಲ್ಲ ಎಂದರು. ಬರುವುದೂ ಇಲ್ಲ ಎಂದರು. ಅವನು ಕುಡಿಯದೆ ಬಿಟ್ಟ ಚಹಾ ತಣಿಯುವ ಮೊದಲೇ ಎದ್ದು ಒಳಗೆ ಹೋದರು. ಪಾಪದ ಹುಡುಗ ಬಾಡಿದ ಮುಖ ಮಾಡಿಕೊಂಡು ಲ್ಯಾಪ್‌ಟಾಪ್ ಹಿಡಿದು ಕ್ಲಿನಿಕ್ಕಿಗೆ ಬಂದ.

"ನೀವಾದರೂ ನೋಡಿ ಡಾಕ್ಟ್ರೇ. ನಾಳೆ ಕರಪತ್ರ ಅಚ್ಚಿಗೆ ಹೋಗ್ತದೆ. 'ಶಕ್ತಿನಗರದ ಅಣ್ಣು ಶೆಟ್ಟರ ಅಜ್ಜಿ' ಅಂತ ಹಾಕಿದ್ದೇನೆ. ಸರಿ ಉಂಟಲ್ಲ?"

"ಸರಿ ಉಂಟು" ಎಂದಳು ಸಂಚಿತಾ. ಆಗ ಅವಳಿಗೆ ಗೊತ್ತಿದ್ದದ್ದೂ ಅಷ್ಟೇ.

ರಿಸೆಪ್ಶನ್ನಿನ ಜುವೈರಿಯಾಳೂ ಬಂದು ಹಿಂದೆ ನಿಂತಳು. ಚಿತ್ರ ಶುರುವಾಯಿತು. ಅರಮನೆಯ ಬಾಗಿಲು, ಮೆಟ್ಟಿಲ ಮೇಲೆ ಒಬ್ಬಳು ಭಿಕ್ಷೆ ಬೇಡುವ ಮುದುಕಿ. ಕಾವಲಿನವನು ದೂಡುತ್ತಾನೆ, ಬೀಳುತ್ತಾಳೆ, ಮೆಲ್ಲಗೆ ಏಳುತ್ತಾಳೆ. ಆ ಏಳುವುದನ್ನು ನೋಡಬೇಕು. ಮೊದಲು ಅಂಗೈ ಊರಿ, ಆಮೇಲೆ ಮೊಣಕಾಲು ಎಲ್ಲಿದೆ ಎಂದು ಹುಡುಕಿ, ಅದನ್ನು ನಂಬಬಹುದೋ ಇಲ್ಲವೋ ಎಂದು ಯೋಚಿಸಿ, ಕೊನೆಗೆ ಸೊಂಟವನ್ನು ಎತ್ತಿಕೊಳ್ಳುತ್ತಾಳೆ. ಎದ್ದವಳು ಮಡಿಲಿನಿಂದ ಹಿಡಿ ಅವಲಕ್ಕಿ ತೆಗೆದು ಬಾಯಿಗೆ ಹಾಕಿ ವಸಡಿನಲ್ಲಿ ಅಗಿಯುತ್ತಾಳೆ. ಒಂದೂವರೆ ನಿಮಿಷ ಬರೀ ಅಗಿಯುವುದೇ. ಜುವೈರಿಯಾ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ತನ್ನ ಕ್ಲಿನಿಕ್ಕಿನ ಗೋಡೆಯಲ್ಲಿ ಇಂಥವಳೊಬ್ಬಳು ಇಷ್ಟು ವರ್ಷ ತೂಗಾಡುತ್ತಿದ್ದಳಲ್ಲ ಎಂದು ಸಂಚಿತಾ ತಿರುಗಿ ಫೋಟೋ ನೋಡಿದಳು.

ಆಮೇಲೆ ಮುದುಕಿಯ ಮುಖ ಪರದೆ ತುಂಬ ಬಂತು. ಅವಳು ತಲೆ ಹಿಂದಕ್ಕೆ ಹಾಕಿ, ಬಾಯಿ ಪೂರಾ ತೆರೆದು ನಕ್ಕಳು.

"ನಿಲ್ಲಿಸಿ" ಎಂದಳು ಸಂಚಿತಾ. "ಸ್ವಲ್ಪ ಹಿಂದೆ ಹಾಕಿ."

ಇಜಾಝ್ ಹಾಕಿದ. ಇನ್ನೊಮ್ಮೆ ಹಾಕಿಸಿದಳು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದಳು.

"ಇದು ಮುದುಕಿಯ ದವಡೆ ಅಲ್ಲ."

"ಎಂತ ಹೇಳ್ತೀರಿ?"

"ಹಲ್ಲು ಹೋಗಿ ಹತ್ತಿಪ್ಪತ್ತು ವರ್ಷ ಆದರೆ ದವಡೆಯ ಎಲುಬು ಕರಗ್ತದೆ. ಗದ್ದ ಮೇಲೆ ಬಂದು ಮೂಗಿಗೆ ಮುಟ್ಟುವ ಹಾಗೆ ಆಗ್ತದೆ. ಇಲ್ಲಿ ನೋಡಿ, ವಸಡು ತುಂಬಿಕೊಂಡು ಉಂಟು. ಹಲ್ಲು ಇದ್ದ ಗುಳಿ ಇನ್ನೂ ಪೂರ್ತಿ ಮುಚ್ಚಲಿಲ್ಲ. ರೋಗ ಬಂದು ಬಿದ್ದದ್ದಾದರೆ ಒಂದು ಕಡೆ ಎತ್ತರ, ಒಂದು ಕಡೆ ತಗ್ಗು ಇರ್ತದೆ. ಇದು ಎರಡೂ ಕಡೆ ಸಮ." ಅವಳ ಸ್ವರ ಇಳಿಯಿತು. "ಎಲ್ಲ ಒಳ್ಳೆ ಹಲ್ಲು. ಒಟ್ಟಿಗೆ ಕೀಳಿಸಿದ್ದಾರೆ. ಆರು ತಿಂಗಳೂ ಆಗಿರಲಿಕ್ಕಿಲ್ಲ."

ಒಮ್ಮೆ ಕಂಡ ಮೇಲೆ ಉಳಿದದ್ದೂ ಕಂಡಿತು. ಸುಕ್ಕುಗಳು ಬಣ್ಣದಲ್ಲಿ ಬರೆದವು. ಕುತ್ತಿಗೆ ನುಣುಪು. ನಡುಗುವ ಕೈ ಹುಡುಗಿಯ ಕೈ. ಇಪ್ಪತ್ತೈದು ದಾಟಿರಲಾರದು.

ಚಿತ್ರ ತೆಗೆದದ್ದು ಸಾವಿರದ ಒಂಬೈನೂರ ಮೂವತ್ತರಲ್ಲಿ ಎಂದ ಇಜಾಝ್. ಇಪ್ಪತ್ತಾರರಲ್ಲಿ ಹುಟ್ಟಿದ ಅಜ್ಜನಿಗೆ ಆಗ ನಾಲ್ಕು ವರ್ಷ. ಇಪ್ಪತ್ತೈದರ ಹೆಂಗಸು ನಾಲ್ಕು ವರ್ಷದ ಮಗುವಿಗೆ ಅಜ್ಜಿಯಾಗುವುದು ಹೇಗೆ? ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು.

"ಕರಪತ್ರದ ಆ ಗೆರೆ ಈಗ ಅಚ್ಚು ಮಾಡಬೇಡಿ" ಎಂದಳು ಸಂಚಿತಾ. "ನಾನು ಅಜ್ಜನ ಹತ್ರ ಕೇಳ್ತೇನೆ."

ಸಂಜೆ ಅಜ್ಜ ಜಗಲಿಯಲ್ಲಿ ಕಬ್ಬಿನ ತುಂಡು ಹಿಡಿದು ಕೂತಿದ್ದರು. ಸಂಚಿತಾ ಸುತ್ತಿ ಬಳಸಲಿಲ್ಲ.

"ಅಜ್ಜ, ಶಶಿಪ್ರಭಾ ನಿಮಗೆ ಅಜ್ಜಿ ಅಲ್ಲ. ಅಮ್ಮ."

ಶೆಟ್ಟರು ಕಬ್ಬನ್ನು ತಟ್ಟೆಯಲ್ಲಿಟ್ಟರು. ಯಾರು ಹೇಳಿದ್ದು ಎಂದು ಕೇಳಿದರು.

"ಅವರ ದವಡೆ ಹೇಳಿತು."

ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಶುರು ಮಾಡಿದರು. ಎಂಬತ್ತನಾಲ್ಕು ವರ್ಷ ಕಟ್ಟಿಟ್ಟ ಮಾತು, ಒಮ್ಮೆ ಹೊರಟ ಮೇಲೆ ನಿಲ್ಲಲಿಲ್ಲ.

ಅವಳ ಹೆಸರು ಅಕ್ಕು. ಗಂಡ ಬಿಟ್ಟುಹೋದ ಮೇಲೆ ಎರಡು ವರ್ಷದ ಮಗನನ್ನು ಅಣ್ಣನ ಮನೆಯಲ್ಲಿ ಬಿಟ್ಟು, ತನ್ನ ಇಪ್ಪತ್ತೆರಡರಲ್ಲಿ ಮುಂಬಯಿಯ ಹಡಗು ಹತ್ತಿದವಳು. ಸ್ಟುಡಿಯೋದಲ್ಲಿ ಚೆಂದದ ಹುಡುಗಿಯರಿಗೆ ಬರಗಾಲವಿರಲಿಲ್ಲ. ಅವರ ಕೆಲಸ ನಾಲ್ಕು ವರ್ಷದ್ದು, ಆಮೇಲೆ ಹೊಸಬರು ಬರುತ್ತಾರೆ. ಮುದುಕಿಯರ ಪಾರ್ಟು ಮಾಡಲು ಮಾತ್ರ ಜನ ಇಲ್ಲ. ಹಲ್ಲಿಗೆ ಕಪ್ಪು ಬಳಿದರೆ ಮುಖವನ್ನು ಹತ್ತಿರದಿಂದ ತೆಗೆಯುವಾಗ ಗೊತ್ತಾಗುತ್ತಿತ್ತು. ಅಕ್ಕು ಮೂರು ಸಲ ಡಾಕ್ಟರಲ್ಲಿಗೆ ಹೋಗಿ ಮೂವತ್ತೆರಡನ್ನೂ ಕೀಳಿಸಿಕೊಂಡು ಬಂದಳು. ಆಮೇಲೆ ಒಂದು ವಾರವೂ ಕೆಲಸವಿಲ್ಲದೆ ಕೂರಲಿಲ್ಲ. ಎರಡು ವರ್ಷದಲ್ಲಿ ಇಪ್ಪತ್ತೆಂಟು ಚಿತ್ರ. ದಾದಿ, ಸೂಲಗಿತ್ತಿ, ರಾಜಮಾತೆ, ಮಾಟಗಾತಿ. ಆಗ ಸಿನಿಮಾಕ್ಕೆ ಮಾತು ಬಂತು. ಹಲ್ಲಿಲ್ಲದ ಬಾಯಲ್ಲಿ ಮಾತೆಲ್ಲ ಗಾಳಿಯಾಗಿ ಸೋರಿತು. ಮತ್ತೆ ಎರಡು ಮೂರು ವರ್ಷ ಅಲ್ಲಿ ಇಲ್ಲಿ ಹೊಟ್ಟೆ ಹೊರೆದು, ಊರಿಗೆ ಬಂದಳು.

"ನನಗೆ ಎಂಟು ವರ್ಷ" ಎಂದರು ಅಜ್ಜ. "ಇವತ್ತು ನಿನ್ನ ಅಪ್ಪೆ ಬರ್ತಾಳೆ ಅಂತ ಮಾವ ಹೇಳಿದ್ರು. ನಾನು ಶಾಲೆಯಲ್ಲಿ ಎಲ್ಲರಿಗೂ ಹೇಳಿ ಇಟ್ಟಿದ್ದೆ, ಅಮ್ಮ ಮುಂಬಯಿಯಿಂದ ಬರ್ತಾಳೆ, ಚೆಂದ ಇದ್ದಾಳೆ ಅಂತ. ಗೇಟಿನ ಹತ್ರ ಬಂದು ನಿಂತಳು. ನನ್ನನ್ನು ಕಂಡು ನಕ್ಕಳು. ಬಾಯಲ್ಲಿ ಒಂದು ಹಲ್ಲಿಲ್ಲ. ಮಕ್ಕಳೆಲ್ಲ ನಗಾಡಿದ್ರು. ಮಾಷ್ಟ್ರು ಕೇಳಿದ್ರು, ಅದು ಯಾರು ಮಾರಾಯ ಅಂತ. ನಾನು ಅಜ್ಜಿ ಅಂದೆ."

"ಅವರು ಎಂತ ಹೇಳಿದ್ರು?"

"ನನ್ನನ್ನು ಒಮ್ಮೆ ನೋಡಿದಳು. ಮಾಷ್ಟ್ರಿಗೆ, ಹೌದು, ನಾನು ಇವನ ಅಜ್ಜಿ ಅಂದಳು. ಅಲ್ಲಿಯೇ, ನನ್ನ ಕಣ್ಣೆದುರು, ಅವಳ ಬೆನ್ನು ಬಗ್ಗಿತು ಮಗಾ. ಕಾಲು ಎಳೆಯಲಿಕ್ಕೆ ಶುರು ಮಾಡಿದಳು. ನನ್ನ ಕೈ ಹಿಡಿದುಕೊಂಡು ಮುದುಕಿಯ ಹಾಗೆಯೇ ಮನೆವರೆಗೆ ನಡೆದಳು."

ಮತ್ತೆ ಆ ಬೆನ್ನು ಜನರೆದುರು ನೆಟ್ಟಗಾಗಲಿಲ್ಲ. ಮಾವನಿಗೂ ಅದೇ ಅನುಕೂಲವಾಯಿತು. ಸಿನಿಮಾದವಳು ತಂಗಿ ಎನ್ನುವುದಕ್ಕಿಂತ ಯಾರೋ ಹಿರಿಯಳು ಎನ್ನುವುದು ಸುಲಭ. ಮೂವತ್ತೊಂದು ವರ್ಷ, ಕಣ್ಣು ಮುಚ್ಚುವವರೆಗೂ, ಅವಳು ತನ್ನ ಮಗನಿಗೆ ಅಜ್ಜಿಯಾಗಿ ಬದುಕಿದಳು. ಅವನ ಮದುವೆಯ ದಿನ ಅಮ್ಮನ ಜಾಗದಲ್ಲಿ ಮಾವನ ಹೆಂಡತಿ ನಿಂತರು, ಅಮ್ಮ ಮೂಲೆಯಲ್ಲಿ ಕೂತು ಅಕ್ಷತೆ ಹಾಕಿದಳು. ಮನೆಗೆ ಬಂದ ಸೊಸೆಗೂ ಗೊತ್ತಾಗಲಿಲ್ಲ. ಕ್ಯಾಮೆರಾ ಇಲ್ಲ, ಬಣ್ಣ ಇಲ್ಲ, ಚಪ್ಪಾಳೆ ಇಲ್ಲ. ಇಂಥ ಪಾರ್ಟನ್ನು ಬೇರೆ ಯಾರು ಮಾಡಿಯಾರು ಎಂದು ಸಂಚಿತಾ ದಂಗಾಗಿ ಕೂತಳು.

"ಆದಿತ್ಯವಾರ ಮಾತ್ರ ಕೋಣೆಯ ಬಾಗಿಲು ಹಾಕಿಕೊಂಡು ನೆಟ್ಟಗೆ ನಿಲ್ತಿದ್ದಳು" ಎಂದರು ಅಜ್ಜ. "ನನ್ನ ಬಾಯಿ ತೆಗೆಸಿ ಬೆರಳಲ್ಲಿ ಒಂದೊಂದೇ ಹಲ್ಲು ಎಣಿಸ್ತಿದ್ದಳು. ನನಗೆ ಮಕ್ಕಳಾದ ಮೇಲೂ ಎಣಿಸಿದ್ದಾಳೆ. ನಿನ್ನದು ಯಾಕೆ ಕೀಳಿಸಿದೆ ಅಂತ ಒಂದು ಸಲ ಕೇಳಿದೆ. ಕೆಲಸ ಬೇಕಿತ್ತು, ಹಲ್ಲು ಇತ್ತು, ಅಷ್ಟೇ ಅಂದಳು."

"ಆದಿತ್ಯವಾರ ಬನ್ನಿ ಅಜ್ಜ. ಎಲ್ಲರೆದುರು ಹೇಳಿ."

"ಯಾವ ಬಾಯಲ್ಲಿ ಹೇಳ್ಲಿ?"

ಸಂಚಿತಾ ಕಬ್ಬಿನ ತಟ್ಟೆ ಎತ್ತಿಕೊಂಡಳು. ಎದ್ದು ಹೊರಟವಳನ್ನು ಅಜ್ಜ ಹಿಂದಿನಿಂದ ಕರೆದರು. ಸ್ವರ ಬಹಳ ಸಣ್ಣದಾಗಿತ್ತು.

"ನಾನು ಅವಳ ಒಂದು ಚಿತ್ರವನ್ನೂ ನೋಡಲಿಲ್ಲ. ಒಳ್ಳೆದು ಮಾಡ್ತಾಳಾ?"

"ಅವರಿಗೆ ಅದರಲ್ಲಿ ಇಪ್ಪತ್ತನಾಲ್ಕು ವರ್ಷ ಅಜ್ಜ. ನನಗಿಂತ ಏಳು ವರ್ಷ ಸಣ್ಣವರು. ನೋಡಿದವರು ಯಾರೂ ನಂಬಲಿಕ್ಕಿಲ್ಲ."

ಇಜಾಝ್ ಬುದ್ಧಿವಂತ. ಕರಪತ್ರದಲ್ಲಿ ಶಶಿಪ್ರಭಾ ಎಂಬ ಹೆಸರಿನ ಕೆಳಗಿನ ಗೆರೆಯನ್ನು ಖಾಲಿ ಬಿಟ್ಟು ಅಚ್ಚು ಮಾಡಿಸಿದ್ದ. ಆದಿತ್ಯವಾರ ಬೆಳಿಗ್ಗೆ ಹನ್ನೊಂದಕ್ಕೆ ಸಣ್ಣ ಸಭಾಂಗಣದಲ್ಲಿ ಅರುವತ್ತು ಎಪ್ಪತ್ತು ಜನ ಸೇರಿದ್ದರು. ನೆವಿಲ್ ಎಂಬವನು ಚಿತ್ರದೊಂದಿಗೆ ನುಡಿಸಲು ಕೀಬೋರ್ಡ್ ಇಟ್ಟು ಕೂತಿದ್ದ. ಸಂಚಿತಾ ಹತ್ತು ಸಲ ಬಾಗಿಲು ನೋಡಿದಳು. ದೀಪ ಆರಿಸುವ ಹೊತ್ತಿಗೆ ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಣ್ಣು ಶೆಟ್ಟರು ಬಂದರು. ಯಾರ ಕೈಯನ್ನೂ ಹಿಡಿಯದೆ ಮುಂದಿನ ಸಾಲಿಗೆ ಹೋಗಿ ಕೂತರು. ಸಂಚಿತಾ ಪಕ್ಕಕ್ಕೆ ಬಂದು ಕೂತಳು.

ಮುದುಕಿ ಬಿದ್ದಳು, ಎದ್ದಳು. ಅವಲಕ್ಕಿ ಅಗಿಯಲು ಶುರು ಮಾಡಿದಾಗ ನೆವಿಲನ ಕೈ ತಾನಾಗಿಯೇ ನಿಂತಿತು. ಮತ್ತೆ ಅವನು ನುಡಿಸಲಿಲ್ಲ. ಶೆಟ್ಟರು ಎರಡೂ ಕೈಯಲ್ಲಿ ಕುರ್ಚಿಯ ತೋಳು ಹಿಡಿದು, ರೆಪ್ಪೆ ಮುಚ್ಚದೆ ನೋಡುತ್ತಿದ್ದರು. ಮುಖ ಪರದೆ ತುಂಬಿತು, ತಲೆ ಹಿಂದೆ ಹೋಯಿತು, ಬಾಯಿ ತೆರೆಯಿತು. ಶಾಲೆಯ ಗೇಟಿನಲ್ಲಿ ಕಂಡ ಅದೇ ನಗು. ಇಜಾಝ್ ಅದನ್ನು ಅಲ್ಲಿಗೇ ನಿಲ್ಲಿಸಿದ.

ಶೆಟ್ಟರು ಎದ್ದು ಜನರ ಕಡೆ ತಿರುಗಿದರು. ಮೈಕು ಕೊಡಲು ಓಡಿ ಬಂದ ಇಜಾಝನಿಗೆ ಬೇಡವೆಂದು ಕೈ ಆಡಿಸಿದರು.

"ಇದು ನನ್ನ ಅಜ್ಜಿ ಅಂತ ಊರಿಗೆಲ್ಲ ಹೇಳಿದ್ದೇನೆ. ಅಜ್ಜಿ ಅಲ್ಲ. ನನ್ನ ಹೆತ್ತ ತಾಯಿ. ನಾನು ಸುಳ್ಳು ಹೇಳಿದೆ, ಅದನ್ನು ನಿಜ ಮಾಡಲಿಕ್ಕೆ ಅವಳು ಸಾಯುವವರೆಗೆ ಬೆನ್ನು ಬಗ್ಗಿಸಿದಳು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಸಾಲಿನವರು ಒಬ್ಬೊಬ್ಬರೇ ಎದ್ದು ನಿಂತರು.

ಶೆಟ್ಟರು ಅದನ್ನು ನೋಡಲಿಲ್ಲ. ಅವರು ಆಗಲೇ ಪರದೆಯ ಕಡೆ ತಿರುಗಿ, ಎಂಟಡಿ ಎತ್ತರದ ಆ ಹುಡುಗಿಯ ಮುಂದೆ ನಿಂತಾಗಿತ್ತು. ಮಕ್ಕಳ ಹಾಗೆ ಮುಖ ಮೇಲೆತ್ತಿ ಬಾಯಿ ತೆರೆದರು. ಆಮೇಲೆ ತುಳುವಿನಲ್ಲಿ, ಮುಂದಿನ ಸಾಲಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದರು.

"ಇಪ್ಪತ್ತೇಳು ಉಂಟು ಅಪ್ಪೆ. ಐದು ಮಾತ್ರ ಹೋದದ್ದು."