ಅಳತೆಯ ಹೊತ್ತಿಗೆ ಅಣ್ಣನ ಹಾಡು

ಮಂಪರು ಮದ್ದಿನ ಸೂಜಿ ತಗುಲಿದ, ಕೋತಿಯನ್ನು ಹೋಲುವ ಗಂಡು ಸಿಫಾಕಾ ಲೀಮರ್ ಹುಣಸೆಮರದಿಂದ ಕಳಚಿ ಬಿದ್ದಾಗ ಮನಿಂದ್ರಿಯ ಕಂಬಳಿ ಸರಿಯಾಗಿ ಅದರ ಕೆಳಗಿತ್ತು. ಆ ಊರಿನಲ್ಲಿ ಸಿಫಾಕಾದ ಮೇಲೆ ಯಾರೂ ಕೈ ಎತ್ತುವುದಿಲ್ಲ; ಅಳತೆಗೆಂದು ಒಂದು ಸೂಜಿಗಷ್ಟೇ ಹಿರಿಯರು ಒಪ್ಪಿದ್ದರು. ಅದು ನೆಲಕ್ಕೆ ಬಿದ್ದು ಸತ್ತರೆ ಹಿರಿಯರು ಕಾಡಿನ ದಾರಿಯನ್ನೇ ಮುಚ್ಚುತ್ತಿದ್ದರು. ಅದಕ್ಕೇ ದನ ಸಾಕುವ ಮನಿಂದ್ರಿಯನ್ನು ಕರೆಸಿದ್ದು. ಅವನ ಕೈ ತಪ್ಪುತ್ತಿರಲಿಲ್ಲ.

ಅವನ ತಂಗಿ ವೋಲಾಸೋವಾ ಉದ್ದಗಲ ಅಳೆಯುವ ಕ್ಯಾಲಿಪರ್ ಹಿಡಿದು ಮಂಡಿಯೂರಿದಳು. ವಿಶ್ವವಿದ್ಯಾಲಯದ ಓದು ಮುಗಿಸಿ ಬಂದ ಮೇಲೆ ಅಳತೆಯ ಕೆಲಸ ಪೂರ್ತಿ ಅವಳ ಕೈಗೆ ಬಂದದ್ದು ಈ ಸಲವೇ ಮೊದಲು. ಮೊದಲು ತೂಗಿ ತೂಕ ಹೇಳಿದಳು. ಜೊತೆಗಾರ ಮುದುಕ ಎಫಿತ್ಸೆ ಬರೆದುಕೊಂಡ.

"ನಿನ್ನೆ ಹಿಡಿದ ಹೆಣ್ಣಿಗೂ ಇಷ್ಟೇ ಇತ್ತಲ್ಲಮ್ಮ. ಮತ್ತೆ ಇವುಗಳ ಮನೇಲಿ ಯಾರ ಮಾತು ನಡಿಯುತ್ತೆ?"

"ಹೆಣ್ಣಿಂದೇ. ನಿಮ್ಮನೇಲಿ ಹೇಗೋ ಹಾಗೇ, ಮಾವ."

"ಪಾಪ, ಇದರ ಹಣೆಬರಹಾನೂ ಅಷ್ಟೇನಾ," ಎಂದ ಎಫಿತ್ಸೆ.

ತೋಳು, ತೊಡೆ, ಬಾಲ ಮುಗಿದವು. ಉಳಿದದ್ದು ವೃಷಣ. ವರ್ಷಕ್ಕೊಮ್ಮೆ, ಕೂಡುವ ಕಾಲದಲ್ಲಿ ಮಾತ್ರ ಅದು ಊದಿಕೊಳ್ಳುತ್ತದೆ. ಮೈ ಹೆಣ್ಣಿಗಿಂತ ದೊಡ್ಡದಾಗದ ಗಂಡು ಬೇರೆ ಗಂಡುಗಳ ಜೊತೆಗಿನ ತನ್ನ ಪೈಪೋಟಿಯನ್ನು ಎಲ್ಲಿ ನಡೆಸುತ್ತದೆಂದು ತಿಳಿಯಲು ಈ ಅಳತೆಯೇ ಬೇಕಿತ್ತು. ವೋಲಾಸೋವಾ ಕ್ಯಾಲಿಪರ್ ಹಚ್ಚಿದಳು. ಬಾಯಿ ತೆರೆದಳು. ಎದುರಿಗಿದ್ದ ಅಣ್ಣನನ್ನು ಕಂಡು ಮುಚ್ಚಿದಳು.

ಅಣ್ಣನ ಎದುರು ತಂಗಿ ಆ ಅಂಗದ ಹೆಸರೆತ್ತುವಂತಿಲ್ಲ. ಎತ್ತಿದರೆ ಇಬ್ಬರಿಗೂ ಅವಮಾನ, ತೀರಿಕೊಂಡ ಹಿರಿಯರಿಗೂ. ಮನಿಂದ್ರಿ ಎದ್ದು ಹೋಗುವಂತೆಯೂ ಇರಲಿಲ್ಲ. ಲೀಮರಿನ ತಲೆ ಅವನ ಅಂಗೈಯಲ್ಲಿತ್ತು. ಮದ್ದು ಇಳಿಯುತ್ತ ಅದರ ರೆಪ್ಪೆ ಅದುರತೊಡಗಿತ್ತು. ಮತ್ತೊಮ್ಮೆ ಸೂಜಿ ಹೊಡೆಯಲು ಹಿರಿಯರ ಒಪ್ಪಿಗೆ ಇರಲಿಲ್ಲ.

"ಬೇಗ ಹೇಳಮ್ಮ," ಎಂದ ಎಫಿತ್ಸೆ. ಅವಳ ಮುಖ ನೋಡಿ ಮನಿಂದ್ರಿಯ ಕಡೆ ತಿರುಗಿದ.

ಮನಿಂದ್ರಿ ಮುಖವನ್ನು ಕಾಡಿನ ಕಡೆ ತಿರುಗಿಸಿದ. ಕೈ ಅಲುಗಲಿಲ್ಲ. ಎತ್ತುಗಳನ್ನು ಹೊಳೆಗಿಳಿಸುವಾಗ ಕೂಗುವ ಹಾಡನ್ನು ದೊಡ್ಡ ದನಿಯಲ್ಲಿ, ಶ್ರುತಿಯೇ ಇಲ್ಲದೆ ಶುರುಮಾಡಿದ.

ವೋಲಾಸೋವಾ ಎಡದ್ದರ ಉದ್ದ ಹೇಳಿದಳು, ಅಗಲ ಹೇಳಿದಳು. ಬಲದ್ದೂ ಹೇಳಿದಳು. ಎಫಿತ್ಸೆ ಅವಳ ಬಾಯಿಯ ಹತ್ತಿರ ಕಿವಿ ಇಟ್ಟು ಬರೆದ. "ಆಯ್ತು" ಎಂದು ಅವಳು ಹೇಳಿದ್ದು ಅಣ್ಣನಿಗೆ ಕೇಳಿಸಲಿಲ್ಲ. ಎಫಿತ್ಸೆ ಭುಜ ಮುಟ್ಟಿದ ಮೇಲೆ ಹಾಡು ನಿಲ್ಲಿಸಿದ.

"ಎಂಥಾ ಕಂಠಾನೋ ನಿಂದು. ನಿನ್ನ ಎತ್ತುಗಳು ಇನ್ನೂ ಓಡಿಹೋಗಿಲ್ವಲ್ಲ," ಎಂದ ಎಫಿತ್ಸೆ.

ಪೂರ್ತಿ ಎಚ್ಚರವಾದ ಮೇಲೆ ಲೀಮರ್ ಮರ ಹತ್ತಿತು.

ಸಂಜೆ ವೋಲಾಸೋವಾ ಕ್ಯಾಲಿಪರ್ ಒರೆಸುತ್ತಿದ್ದಳು. ಅಂಗಳದಲ್ಲಿ ಮರಗೆಣಸು ಸುಲಿಯುತ್ತಿದ್ದ ನೆರೆಯವಳು ಅಣ್ಣನನ್ನು ಕೆಣಕುವುದು ಕೇಳಿಸಿತು.

"ಅಷ್ಟು ಓದಿ ನಿನ್ನ ತಂಗಿ ಕಾಡಲ್ಲಿ ಅಳೆಯೋದೇನು?"

"ಎಲ್ಲಾನೂ. ಒಂದನ್ನೂ ಬಿಡಲ್ಲ."

"ನೀನು ನೋಡಿದ್ಯಾ?"

"ನಾನ್ಯಾಕೆ ನೋಡ್ಲಿ? ನನ್ನ ತಂಗಿ ಅಳೆದಿದ್ದಾಳೆ ಅಂದ್ರೆ ಅದು ಸರಿಯಾಗೇ ಇರುತ್ತೆ."