ಹಿಂದಿನ ಸೀಟು

"ಹಿಂದಿನ ಫುಟ್‌ರೆಸ್ಟ್ ಎಲ್ಲಿ ಬಸಪ್ಪ?" ವರಲಕ್ಷ್ಮಿ ಕೇಳಿದಳು.

ಕಾಮಾಕ್ಷಿಪಾಳ್ಯದ ಆ ಇಕ್ಕಟ್ಟು ವರ್ಕ್‌ಶಾಪಿನಲ್ಲಿ ಅವಳ ಗಂಡ ಕಾಂತರಾಜುವಿನ, ಬೆಟ್ಟಗುಡ್ಡ ಹತ್ತುವ ಟ್ರೇಲ್ ಬೈಕು ಹೊಸ ವೇಷದಲ್ಲಿ ನಿಂತಿತ್ತು. ಲಗೇಜ್ ಪೆಟ್ಟಿಗೆ ಕೂರಿಸಲು ಎರಡೂ ಬದಿಗೆ ಕಬ್ಬಿಣದ ಚೌಕಟ್ಟು ಬಂದಿತ್ತು. ಅದು ಗೊತ್ತಿದ್ದದ್ದೇ. ಗೊತ್ತಿಲ್ಲದ್ದೆಂದರೆ ಸೀಟನ್ನು ಅರ್ಧಕ್ಕೆ ಕತ್ತರಿಸಿ, ಅವಳು ಕೂರುವ ಜಾಗದಲ್ಲೂ ಒಂದು ಕ್ಯಾರಿಯರ್ ಬಿಗಿದಿದ್ದು.

"ಅಣ್ಣಾರು ಫೋನ್ ಮಾಡಿ ತಗೀ ಅಂದ್ರಲ್ರೀ ಅಕ್ಕಾರ." ಗದಗಿನ ಕಡೆಯ ಬಸಪ್ಪ ವೆಲ್ಡಿಂಗ್ ಕನ್ನಡಕವನ್ನು ಹಣೆಗೇರಿಸಿದ. "ನಿಮಗ ಹೇಳಿಲ್ಲೇನ್ರಿ?"

ಹೋದ ವಾರ ಇದೇ ಬಸಪ್ಪ ಅವಳನ್ನು ಹಿಂದೆ ಕೂರಿಸಿ ಅಳತೆ ತೆಗೆದುಕೊಂಡಿದ್ದ. ಜನ ಕೂತು ಗಾಡಿ ತಗ್ಗಿದ ಮೇಲೆಯೇ ಅಳತೆ ಹಿಡಿಯುವುದು ಅವನ ಪದ್ಧತಿ. "ಹಿಮಾಲಯಕ್ಕ ಹೋದ್ರೂ ನಿಮ್ಮ ಕಾಲಿಗೆ ಪೆಟ್ಟಿಗಿ ಬಡಿಯಂಗಿಲ್ಲ" ಎಂದಿದ್ದ. ಈ ವಯಸ್ಸಿನಲ್ಲಿ ಅವಳಿಗೆ ನಾಚಿಕೆಯಾಗಿತ್ತು. ಮದುವೆಯಾದ ಹೊಸದರಲ್ಲಿ ಕಾಂತರಾಜು ಬೈಕಿನಲ್ಲೇ ಹಿಮಾಲಯದ ಸ್ಪಿತಿ ಕಣಿವೆಗೆ ಹೋಗುವ ಆಸೆ ಹಚ್ಚಿದ್ದ. ಆಮೇಲೆ ಮಗಳು ದಿವ್ಯ ಹುಟ್ಟಿದಳು, ಅತ್ತೆ ಹಾಸಿಗೆ ಹಿಡಿದರು, ಅತ್ತಿಗುಪ್ಪೆಯಲ್ಲಿ ಮನೆ ಕಟ್ಟುವ ರಾಮಾಯಣವೂ ಆಯಿತು. ಈಗ ದಿವ್ಯಳ ಮದುವೆಯೂ ಮುಗಿದು, ಇನ್ನೇನು ಹೊರಡುವುದೇ ಎಂದು ವರಲಕ್ಷ್ಮಿ ದಪ್ಪ ಬೂಟು ಕೊಂಡಿದ್ದಳು. ಕಾಲಿಗೆ ಹೊಂದಿಕೊಳ್ಳಲಿ ಎಂದು ಟೆರೇಸಿನಲ್ಲಿ ಬಟ್ಟೆ ಒಣಹಾಕುವಾಗಲೂ ಅದನ್ನೇ ತೊಡುತ್ತಿದ್ದಳು. ಇವತ್ತೂ ತೊಟ್ಟಿದ್ದಳು.

ಹೊರಗೆ ಫೋನಿನಲ್ಲಿದ್ದ ಕಾಂತರಾಜು ಒಳಗೆ ಬಂದ.

"ಏನ್ರೀ ಇದು?"

ಅವನು ಬೈಕನ್ನು ನೋಡಿದನೇ ಹೊರತು ಅವಳನ್ನಲ್ಲ. "ಟೆಂಟು, ಸ್ಟೌವು, ಎಕ್ಸ್‌ಟ್ರಾ ಪೆಟ್ರೋಲು ಎಲ್ಲಾ ಇಡ್ಬೇಕಲ್ಲ. ಜಾಗ ಸಾಲಲ್ಲ ಕಣೇ."

"ನನ್ ಬಟ್ಟೆ ಒಂದ್ ಸಣ್ಣ ಬ್ಯಾಗಲ್ಲಿ ಹಿಡಿಯತ್ತೆ."

"ಬಟ್ಟೆ ವಿಷ್ಯ ಅಲ್ಲ." ಅವನು ಹ್ಯಾಂಡಲ್ ಸವರಿದ. "ಒಬ್ನೇ ಹೋಗ್ಬೇಕು ಅನ್ಸಿದೆ. ನಿನ್ ಮೇಲೆ ಸಿಟ್ಟು ಅಂತ ಏನೂ ಇಲ್ಲ. ಸುಮ್ನೆ, ಒಬ್ನೇ."

"ವಾಪಸ್ ಯಾವಾಗ?"

"ನೋಡೋಣ."

ಸಿಟ್ಟಾದರೂ ಇದ್ದಿದ್ದರೆ ಇಳಿಯುವ ತನಕ ಕಾಯಬಹುದಿತ್ತು. ಕಾಯುವುದು ಅವಳಿಗೆ ಅಭ್ಯಾಸವಾಗಿತ್ತು. ಅವನಲ್ಲಿ ಸಿಟ್ಟೂ ಇರಲಿಲ್ಲ. ಇಷ್ಟು ವರ್ಷ ತಾನೊಬ್ಬಳೇ ಇಬ್ಬರಿಗಾಗುವಷ್ಟು ಆಸೆ ಹೊತ್ತು ತಿರುಗಿದ್ದೆ ಎಂದು ಅವಳಿಗೆ ಅನ್ನಿಸಿತು.

ಗಂಡ ಹೆಂಡಿರ ಮಾತು ತನಗೇಕೆ ಎಂದು ಬಸಪ್ಪ ಬೈಕನ್ನು ಸ್ಟ್ಯಾಂಡಿನಿಂದ ಇಳಿಸಿದ. "ಅಣ್ಣಾರ, ಹ್ಯಾಂಡಲ್ ಹಿಡೀರಿ. ಕ್ಯಾರಿಯರ್ ಭಾರ ತಡಿತೈತೋ ಇಲ್ಲೋ ನಾ ಕೆಳಗಿಂದ ನೋಡ್ತೀನಿ. ಯಾರಾರ ಮ್ಯಾಲ ಕುಂದರಬೇಕಿತ್ತು."

ಅಲ್ಲಿ ಇನ್ಯಾರೂ ಇರಲಿಲ್ಲ.

"ಕೂತ್ಕೋ, ಒಂದ್ನಿಮಿಷ" ಎಂದ ಕಾಂತರಾಜು.

ಬೇಡ ಎನ್ನಲು ಅವಳಿಗೆ ತೋಚಲೇ ಇಲ್ಲ. ಹತ್ತಿ ಕೂತಳು. ಕಬ್ಬಿಣದ ಸರಳುಗಳು ತೊಡೆಗೆ ಒತ್ತಿದವು. ಬೂಟುಗಳು ಊರಲು ಜಾಗವಿಲ್ಲದೆ ಎರಡೂ ಕಡೆ ಜೋತಾಡಿದವು. ಹಿಡಿಯಲೆಂದು ಅವನ ಭುಜದತ್ತ ಹೋದ ಕೈಯನ್ನು ಅವಳೇ ಹಿಂದಕ್ಕೆ ತೆಗೆದುಕೊಂಡಳು.

"ಒಂದೀಟು ಅಲ್ಲಾಡ್ರಿ ಅಕ್ಕಾರ."

ಅಲ್ಲಾಡಿದಳು.

"ಗಟ್ಟಿ ಐತ್ರೀ. ಏನೂ ಆಗಂಗಿಲ್ಲ."

"ಸಾಕು, ಇಳಿ" ಎಂದ ಗಂಡ. ಅವಳು ಇಳಿದಳು. ಅವನು ಬೈಕು ಸ್ಟಾರ್ಟ್ ಮಾಡಿ ಹೆಲ್ಮೆಟ್ ಹಾಕಿಕೊಂಡ. "ನೀನು ಆಟೋ ಮಾಡ್ಕೊಂಡ್ ಬಂದ್ಬಿಡು." ಮಾಗಡಿ ರಸ್ತೆಯ ತಿರುವಿನಲ್ಲಿ ಕ್ಯಾರಿಯರ್ ಒಮ್ಮೆ ಕಂಡು ಮರೆಯಾಯಿತು.

ಬಸಪ್ಪ ಬಿಚ್ಚಿಟ್ಟಿದ್ದ ಫುಟ್‌ರೆಸ್ಟ್‌ಗಳನ್ನು ಹಳೇ ಪೇಪರಿನಲ್ಲಿ ಸುತ್ತಿ ತಂದುಕೊಟ್ಟ. "ಇವು ನಿಮ್ಮವ್ರೀ."

ಆಟೋದವನು ಎಲ್ಲಿಗೆ ಮೇಡಂ ಎಂದು ಎರಡು ಸಲ ಕೇಳಿದ. ವರಲಕ್ಷ್ಮಿ ಪೊಟ್ಟಣವನ್ನು ಪಕ್ಕಕ್ಕಿಟ್ಟು, ಬಗ್ಗಿ, ಬೂಟಿನ ಲೇಸು ಬಿಚ್ಚುತ್ತಿದ್ದಳು.